ಆಯ್ತು ಅನ್ನುವವರೆಗೆ

ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಪಾಸ್‌ಬುಕ್ಕುಗಳ ಹಿಂದೆ, ಬಟ್ಟೆಯ ಚೀಲದೊಳಗೆ ಇತ್ತು ಅದು. ಅಕ್ಕನ ಮಗಳು ಹುಡುಕಿ ತೆಗೆದಳು. ಕಾಲೇಜಿಗೆ ಹೋಗುವ ಹುಡುಗಿ, ದಸರಾ ರಜೆಗೆಂದು ಪುತ್ತೂರಿನಿಂದ ಮೈಸೂರಿಗೆ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದ್ದು ಒಂದೇ ಮಾತು: "ಚಿಕ್ಕಮ್ಮಾ, ನಿಮ್ಮ ಹತ್ರ ಒಂದು ಹಳೇ ಡಿಜಿಟಲ್ ಕ್ಯಾಮೆರಾ ಉಂಟಲ್ಲ, ಅದು ಈಗ ಎಲ್ಲುಂಟು?" ಅವಳ ಗೆಳತಿಯರೆಲ್ಲ ಈಗ ಅಂಥದ್ದನ್ನೇ ಹುಡುಕುತ್ತಿದ್ದಾರಂತೆ. ಮೊಬೈಲಿನ ಚಿತ್ರ ಎಲ್ಲರದ್ದೂ ಒಂದೇ ಥರ ಬರುತ್ತದೆ, ಹಳೆಯದರಲ್ಲಿ ಬಣ್ಣ ಬೇರೆಯೇ ಬರುತ್ತದೆ ಅನ್ನುತ್ತಾಳೆ.

ಟಿ.ವಿ. ರಿಮೋಟಿನ ಸೆಲ್ ಅದಕ್ಕೆ ಸಣ್ಣದಾಯಿತು. ಅಂಗಡಿಯಿಂದ ಎರಡು ದೊಡ್ಡ ಆಲ್ಕಲೈನ್ ಸೆಲ್ ತರಿಸಿ ಹಾಕಿದೆವು. ಗುಂಡಿ ಒತ್ತಿದಾಗ ಜೀರ್ ಎಂದು ಲೆನ್ಸ್ ಹೊರಗೆ ಬಂತು. ಪರದೆ ಬೆಳಗಿ ಮೊದಲು ಕೇಳಿದ್ದು ದಿನಾಂಕವನ್ನು. ಒಳಗೆ ಗಡಿಯಾರ ನಡೆಸುವ ಪುಟ್ಟ ಸೆಲ್ ಎಂದೋ ಖಾಲಿಯಾಗಿತ್ತು. ಅದಕ್ಕೆ ಇವತ್ತು ಯಾವ ದಿನವೆಂದು ಹೇಳಿಕೊಟ್ಟು, ಹುಡುಗಿ ನನ್ನತ್ತ ತಿರುಗಿದಳು.

"ಇದು ಒಳ್ಳೇದಾ ಚಿಕ್ಕಮ್ಮ?"

ಒಂದು ಮಾತಿನಲ್ಲಿ ಉತ್ತರಿಸಲು ಮನಸ್ಸು ಬರಲಿಲ್ಲ. 2007ರಲ್ಲಿ ಹನ್ನೆರಡು ಸಾವಿರ ರೂಪಾಯಿ ಕೊಟ್ಟು ತಂದದ್ದು. ಸಂಬಳದಿಂದ ತಿಂಗಳು ತಿಂಗಳು ತೆಗೆದಿಟ್ಟು ಕೂಡಿಸಿದ ದುಡ್ಡು. 7 ಮೆಗಾಪಿಕ್ಸೆಲ್, 4 ಪಟ್ಟು ಜೂಮ್, ಎರಡೂವರೆ ಇಂಚಿನ ಪರದೆ. ದುಬಾರಿ ಕ್ಯಾಮೆರಾ ಕೊಳ್ಳಲಾಗದ, ಆದರೆ ಚಿತ್ರ ತೆಗೆಯುವ ಆಸೆ ಬಲವಾಗಿದ್ದ ನನ್ನಂಥವರಿಗೆಂದೇ ಮಾಡಿದ್ದು. ಎಂಟು ವರ್ಷ ನನ್ನ ಹೆಗಲ ಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲೇ ಇತ್ತು. ಅದರ ಒಳ್ಳೆಯದೂ ಗೊತ್ತು, ಕೆಟ್ಟದ್ದೂ ಗೊತ್ತು. ಎರಡನ್ನೂ ಬೇರೆ ಬೇರೆ ಮಾಡಲು ಹೋದಾಗಲೇ ತೊಡಕು ಶುರುವಾಗುತ್ತದೆ.

ಸೆಲ್‌ನಿಂದಲೇ ಹೇಳುತ್ತೇನೆ. ಆ ಹೊತ್ತಿಗೆ ಹೆಚ್ಚಿನ ಪುಟ್ಟ ಕ್ಯಾಮೆರಾಗಳು ತಮ್ಮದೇ ತೆಳು ಬ್ಯಾಟರಿ, ತಮ್ಮದೇ ಚಾರ್ಜರ್ ಇಟ್ಟುಕೊಂಡು ನುಣುಪಾಗಿ ಬರುತ್ತಿದ್ದವು. ನನ್ನದು ಎಲ್ಲ ಅಂಗಡಿಯಲ್ಲೂ ಸಿಗುವ ಎರಡು ಸೆಲ್ ನುಂಗುತ್ತಿತ್ತು. ಅದಕ್ಕೇ ಬಲಗೈ ಹಿಡಿಯುವ ಕಡೆ ಉಬ್ಬು, ಕೈಯಲ್ಲಿ ಭಾರ. ಆ ಉಬ್ಬಿದ್ದುದರಿಂದಲೇ ನಾಲ್ಕು ಬೆರಳು ಗಟ್ಟಿಯಾಗಿ ಹಿಡಿಯುತ್ತಿದ್ದವು ಎಂಬುದು, ಆಮೇಲೆ ಸೋಪಿನಂತೆ ಜಾರುವ ತೆಳು ಕ್ಯಾಮೆರಾವೊಂದನ್ನು ಹಿಡಿದು ನೋಡಿದಾಗ ತಿಳಿಯಿತು. ಕುಕ್ಕೆಯ ಷಷ್ಠಿ ಜಾತ್ರೆಯಲ್ಲಿ ಸೆಲ್ ಮುಗಿದಾಗ ಬೀದಿಬದಿಯ ಅಂಗಡಿಯವರು ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಕೊಟ್ಟರು. ಹೊಸ ಸೆಲ್, ಆದರೂ ಏಳೋ ಎಂಟೋ ಚಿತ್ರಕ್ಕೆ ಕ್ಯಾಮೆರಾ ಕಣ್ಣು ಮುಚ್ಚಿತು. ಸೆಲ್ ಖಾಲಿಯಾಗಿರಲಿಲ್ಲ. ಮನೆಗೆ ತಂದು ಗಡಿಯಾರಕ್ಕೆ ಹಾಕಿದರೆ ವರ್ಷವಿಡೀ ನಡೆಯಿತು. ಗಡಿಯಾರ ಗುಟುಕು ಗುಟುಕಾಗಿ ಕುಡಿಯುತ್ತದೆ. ಕ್ಯಾಮೆರಾ ಲೆನ್ಸ್ ಹೊರದೂಡುವಾಗ, ಫ್ಲ್ಯಾಶ್ ತುಂಬಿಕೊಳ್ಳುವಾಗ ಒಂದೇ ಸಲಕ್ಕೆ ಚೊಂಬುಗಟ್ಟಲೆ ಕೇಳುತ್ತದೆ, ಅಷ್ಟನ್ನು ಒಮ್ಮೆಗೇ ಕೊಡುವ ತ್ರಾಣ ಸತು-ಇಂಗಾಲದ ಸೆಲ್‌ಗೆ ಇಲ್ಲ. ಆಲ್ಕಲೈನ್ ಹಾಕಿದರೆ ನೂರು ಚಿತ್ರ ಬರುತ್ತಿತ್ತು. ನಿಕ್ಕೆಲ್-ಮೆಟಲ್ ಹೈಡ್ರೈಡ್ ಎಂಬ ಚಾರ್ಜ್ ಮಾಡುವ ಸೆಲ್‌ಗೆ ವೋಲ್ಟೇಜು 1.2 ಮಾತ್ರ, 1.5 ಇರುವ ಆಲ್ಕಲೈನ್‌ಗಿಂತ ಕಡಿಮೆ. ಆದರೂ ಅದರಲ್ಲಿ ಮುನ್ನೂರು ದಾಟುತ್ತಿತ್ತು. ಇದನ್ನು ಕಲಿತ ಮೇಲೆ ಊರಿಗೆ ಹೊರಟಾಗಲೆಲ್ಲ ನಾಲ್ಕು ಸೆಲ್ ಚಾರ್ಜ್ ಮಾಡಿಕೊಂಡೇ ಹೊರಡುತ್ತಿದ್ದೆ.

ಹುಡುಗಿಗೆ ಮೆಗಾಪಿಕ್ಸೆಲ್ ಲೆಕ್ಕ ನಗು ತರಿಸಿತು. ಅವಳ ಮೊಬೈಲಿನಲ್ಲಿ 50 ಇದೆಯಂತೆ. 7 ಎಂದರೆ 3072 ಅಡ್ಡ, 2304 ಉದ್ದ ಚುಕ್ಕಿಗಳು. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಹತ್ತು ಇಂಚು ಅಗಲದ ಚಿತ್ರ ಚೊಕ್ಕವಾಗಿ ಬರುತ್ತದೆ. ಪುತ್ತೂರಿನ ಮನೆಯ ಚಾವಡಿಯಲ್ಲಿ ತೂಗುಹಾಕಿದ ಅಪ್ಪನ ಚಿತ್ರ ಇದರಲ್ಲೇ ತೆಗೆದದ್ದು. ಹತ್ತಿರ ಹೋಗಿ ನೋಡಿದರೆ ಕನ್ನಡಕದ ಕಡ್ಡಿಗೆ ಸುತ್ತಿದ ನೂಲೂ ಕಾಣುತ್ತದೆ. ಆದ್ದರಿಂದ ಚುಕ್ಕಿಗಳ ಎಣಿಕೆ ನನಗೆ ಯಾವತ್ತೂ ಕೊರತೆ ಅನ್ನಿಸಲಿಲ್ಲ. ಕೊರತೆ ಇದ್ದದ್ದು ಆ ಚುಕ್ಕಿಗಳು ಕುಳಿತ ಜಾಗದಲ್ಲಿ.

ಬೆಳಕು ಬಿದ್ದು ಚಿತ್ರವಾಗುವ ಆ ಬಿಲ್ಲೆ, ಸೆನ್ಸರ್, ಸುಮಾರು 5.8 ಮಿಲಿಮೀಟರ್ ಅಗಲ, 4.3 ಎತ್ತರ. ಒಂದು ತೊಗರಿಬೇಳೆಯಷ್ಟು. ರೀಲಿನ ಕಾಲದ ಫಿಲ್ಮಿನ ಒಂದು ಚೌಕ 36ಕ್ಕೆ 24 ಮಿಲಿಮೀಟರ್ ಇತ್ತು. ಅದರ ಮುಂದೆ ಇದು ಸುಮಾರು 35ರಲ್ಲಿ ಒಂದು ಪಾಲು. ತೊಗರಿಬೇಳೆಯ ಮೇಲೆ 70 ಲಕ್ಷ ಬಾವಿ ತೋಡಿದ್ದಾರೆ ಎಂದರೆ ಒಂದೊಂದೂ ಎಷ್ಟು ಕಿರಿದು ಎಂದು ಊಹಿಸಬೇಕು. ಆಷಾಢದ ಜಡಿಮಳೆಗೆ ಅಂಗಳದಲ್ಲಿ ಲೋಟ ಇಟ್ಟರೂ ತುಂಬುತ್ತದೆ, ಕೊಪ್ಪರಿಗೆ ಇಟ್ಟರೂ ತುಂಬುತ್ತದೆ. ತುಂತುರು ಬಂದಾಗ ಮಾತ್ರ ಒಂದು ಲೋಟಕ್ಕೆ ಮೂರು ಹನಿ, ಪಕ್ಕದ ಲೋಟಕ್ಕೆ ಐದು ಹನಿ. ಆ ಮೂರು ಐದರ ವ್ಯತ್ಯಾಸವೇ ಮಂದ ಬೆಳಕಿನ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುತ್ತದೆ. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮವೆಂದು ಹೇಳುವ ಅಂಕೆ ಐಎಸ್ಒ. ಅದು 80ರಲ್ಲಿದ್ದಾಗ, ಬಿಸಿಲಿನಲ್ಲಿ, ನನ್ನ ಕ್ಯಾಮೆರಾ ದೊಡ್ಡವರ ಸಾಲಿನಲ್ಲಿ ಕೂರುವಂತಿತ್ತು. 400ಕ್ಕೆ ಏರಿಸಿದರೆ ರವೆ ಕಾಣತೊಡಗುತ್ತಿತ್ತು. 800ರಲ್ಲಿ ರವೆಯನ್ನು ಮರೆಸಲು ಹೋಗಿ ಕ್ಯಾಮೆರಾ ತಾನೇ ಚಿತ್ರವನ್ನು ಸವರಿ, ಕೂದಲೆಳೆಯನ್ನು ಮಸಿಯ ಗೀಟಾಗಿಸುತ್ತಿತ್ತು. 1600 ಎಂದೂ ಒಂದು ಅಂಕೆ ಇತ್ತು. ಪೆಟ್ಟಿಗೆಯ ಮೇಲೆ ಬರೆಯುವುದಕ್ಕಲ್ಲದೆ ಇನ್ಯಾವುದಕ್ಕೂ ಅದು ಒದಗಲಿಲ್ಲ ಎಂದೇ ನನ್ನ ತೀರ್ಮಾನ.

ಆದರೆ ಅದೇ ತೊಗರಿಬೇಳೆಯಷ್ಟು ಸೆನ್ಸರ್ ಊರಿನ ನಮ್ಮ ಅಡಿಕೆ ತೋಟದಲ್ಲಿ ಮಾಡಿದ್ದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಸೆನ್ಸರ್ ಕಿರಿದಾದಷ್ಟೂ ಲೆನ್ಸ್ ಕಿರಿದು, ಲೆನ್ಸ್ ಕಿರಿದಾದಷ್ಟೂ ಹಿಂದೆ ಮುಂದೆ ಎಲ್ಲವೂ ಒಟ್ಟಿಗೆ ಸ್ಪಷ್ಟ. ದೊಡ್ಡ ಕ್ಯಾಮೆರಾದವರು ಹತ್ತಿರದಿಂದ ಹೂ ತೆಗೆದರೆ ಒಂದು ಎಸಳು ಸ್ಪಷ್ಟ, ಉಳಿದದ್ದು ಮಂಜು. ನನ್ನದರಲ್ಲಿ ಹೂವಿನ ಗುರುತಿರುವ ಮ್ಯಾಕ್ರೋ ಗುಂಡಿ ಒತ್ತಿ ಐದು ಸೆಂಟಿಮೀಟರಿನಷ್ಟು ಹತ್ತಿರ ಹೋಗಬಹುದಿತ್ತು. ಆಗಷ್ಟೇ ಹಾಳೆ ಒಡೆದು ಹೊರಬಂದ ಅಡಿಕೆಯ ಹಿಂಗಾರ, ಅದರ ಮೇಲೆ ಓಡಾಡುವ ಮುಜಂಟಿ ಜೇನು, ಕಾಳುಮೆಣಸಿನ ಹೂತೆನೆಯ ಮೇಲಿನ ಮಳೆಹನಿ, ಎಲ್ಲವೂ ತುದಿಯಿಂದ ಬುಡದವರೆಗೆ ನಿಚ್ಚಳ. ಆ ಹನಿಯೊಂದರೊಳಗೆ ಇಡೀ ತೋಟ ತಲೆಕೆಳಗಾಗಿ ನಿಂತಿತ್ತು. ಅದನ್ನು ಬರಿಗಣ್ಣಲ್ಲಿ ನಾನು ನೋಡಿಯೇ ಇರಲಿಲ್ಲ.

ತೋಟದ ಹಸಿರೂ ಇದರಲ್ಲಿ ಚೆನ್ನಾಗಿ ಬರುತ್ತಿತ್ತು. ಸೆನ್ಸರಿಗೆ ಬಣ್ಣ ಗೊತ್ತಿಲ್ಲ, ಬೆಳಕು ಹೆಚ್ಚೋ ಕಡಿಮೆಯೋ ಎಂಬುದಷ್ಟೇ ಗೊತ್ತು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಅದರ ಮೇಲೆ ಬಣ್ಣದ ಪುಟ್ಟ ಗಾಜುಗಳನ್ನು ಚದುರಂಗದ ಮಣೆಯಂತೆ ಹೊದಿಸುವ ಉಪಾಯ ಕಂಡರು. 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮನುಷ್ಯನ ಕಣ್ಣು ಹಸಿರಿನ ಆಸುಪಾಸಿನ ಬೆಳಕನ್ನೇ ಹೆಚ್ಚು ಗ್ರಹಿಸುವುದರಿಂದ ಮನೆಗಳಲ್ಲಿ ಅರ್ಧ ಹಸಿರಿಗೆ, ಕಾಲು ಕೆಂಪಿಗೆ, ಕಾಲು ನೀಲಿಗೆ. ಅರ್ಧ ಹಸಿರೇ ತುಂಬಿದ ಆ ಮಣೆಯನ್ನು ನೆನೆದಾಗಲೆಲ್ಲ ನನಗೆ ನಮ್ಮ ತೋಟದ ನೆನಪಾಗುತ್ತದೆ.

ಹಳೆಯ ಕ್ಯಾಮೆರಾದ ಬಣ್ಣ ಬೇರೆ ಎನ್ನುವ ಹುಡುಗಿಯ ಮಾತಿಗೂ ಇಲ್ಲಿ ಒಂದು ಉತ್ತರವಿದೆ. ಇದರೊಳಗಿರುವುದು ಸಿಸಿಡಿ ಸೆನ್ಸರ್. ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡುಹಿಡಿದದ್ದು, 2009ರಲ್ಲಿ ಅವರಿಗೆ ಅದಕ್ಕೇ ನೊಬೆಲ್ ಸಂದಿತು. ಈಗಿನ ಮೊಬೈಲುಗಳಲ್ಲಿರುವುದು ಸಿಮಾಸ್ ಎಂಬ ಬೇರೆ ಬಗೆಯ ಸೆನ್ಸರ್. ಬಣ್ಣದ ಬೆಡಗನ್ನೆಲ್ಲ ಸಿಸಿಡಿಗೇ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಬಣ್ಣ ಹುಟ್ಟುವುದು ಬಹುಪಾಲು ಆ ಗಾಜಿನ ಮಣೆಯಲ್ಲಿ, ಆಮೇಲೆ ಒಳಗಿನ ಲೆಕ್ಕಾಚಾರದಲ್ಲಿ. ಈಗಿನ ಮೊಬೈಲು ಒಂದೇ ನೋಟಕ್ಕೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿ, ನೆರಳನ್ನು ಎತ್ತಿ, ಬೆಳಕನ್ನು ಇಳಿಸುತ್ತದೆ. ಈ ಹಳೆಯದು ತೆಗೆಯುವುದು ಒಂದೇ ಚಿತ್ರ. ನೆರಳು ಕಪ್ಪಾಗಿದ್ದರೆ ಕಪ್ಪಾಗಿಯೇ ಬಿಡುತ್ತದೆ. ಹುಡುಗಿಯರಿಗೆ ಹಿಡಿಸಿರುವುದು ಆ ಕಪ್ಪೇ ಇರಬೇಕು.

ದೂರದ್ದಕ್ಕೆ ಇದು ಸಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ತೆಗೆದ ಹಕ್ಕಿಗಳ ಚಿತ್ರ ನೋಡಿ ಆಸೆಪಟ್ಟವಳು ನಾನು, ಆದರೆ 4 ಪಟ್ಟು ಜೂಮಿನಲ್ಲಿ ತೆಂಗಿನ ಗರಿಯ ಮೇಲಿನ ಮಿಂಚುಳ್ಳಿ ಬರೀ ನೀಲಿ ಚುಕ್ಕಿ. ಹಕ್ಕಿಯ ಆಸೆಯನ್ನು ಕಣ್ಣಿಗೇ ಬಿಟ್ಟುಬಿಟ್ಟೆ.

ಇನ್ನು ಸೋಮನಾಥಪುರ. ಮೈಸೂರಿನಿಂದ ಒಂದು ಗಂಟೆಯ ದಾರಿ. ಕೇಶವ ದೇವಾಲಯದ ಹೊರಗೋಡೆಯನ್ನು ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದಿದ್ದೆ. ನನ್ನ ಕಣ್ಣಿದ್ದದ್ದು ನವರಂಗದ ಮೇಲೆ, ಅಲ್ಲಿನ ಭುವನೇಶ್ವರಿಗಳ ಮೇಲೆ. ಒಂದೊಂದು ಅಂಕಣದ ಛಾವಣಿಗೂ ಒಂದೊಂದು ಕೆತ್ತನೆ. ಮೆಟ್ಟಿಲುಮೆಟ್ಟಿಲಾಗಿ ಒಳಸರಿಯುವ ಅಷ್ಟಕೋನಗಳು, ನಡುವಿನಿಂದ ಇಳಿಬಿದ್ದ ಬಾಳೆಮೂತಿ. ಒಳಗೆ ಜಾಲಂಧ್ರದಿಂದ ಸೋಸಿ ಬರುವ ಬೆಳಕಷ್ಟೇ. ಫ್ಲ್ಯಾಶ್ ಹಾರಿಸುವಂತಿಲ್ಲ, ಹಾರಿಸಿದರೂ ಕೆತ್ತನೆ ಚಪ್ಪಟೆಯಾಗುತ್ತದೆ. ಟ್ರೈಪಾಡ್ ಇಡಲು ಬೇರೆ ಅನುಮತಿ ಬೇಕು. ಕೈಯಲ್ಲಿ ಹಿಡಿದು ಕತ್ತೆತ್ತಿ ತೆಗೆದರೆ, ನಡುಕ ತಡೆಯುವ ವ್ಯವಸ್ಥೆ ಈ ಕ್ಯಾಮೆರಾದ ಲೆನ್ಸಿನಲ್ಲೇ ಇದ್ದರೂ, ಒಂದು ಸೆಕೆಂಡು ತೆರೆದಿರುವ ಶಟರಿಗೆ ಅದು ಸಾಲದು.

ಅಲ್ಲಿ ಬಾಗಿಲ ಬಳಿ ಕುಳಿತು ಸುಮ್ಮನೆ ಯೋಚಿಸುವಾಗ ಕ್ಯಾಮೆರಾವನ್ನು ಅಂಗಾತ ಮಲಗಿಸಬಹುದಲ್ಲ ಎಂದು ಹೊಳೆಯಿತು. ಕರವಸ್ತ್ರ ಹಾಸಿ, ಅಂಕಣದ ನಟ್ಟನಡುವೆ ನೆಲದ ಮೇಲೆ ಲೆನ್ಸ್ ಮೇಲೆ ಮಾಡಿ ಇಟ್ಟೆ. ಈ ಬೆಲೆಯಲ್ಲೂ ಶಟರನ್ನೂ ಬೆಳಕಿನ ಕಿಂಡಿಯನ್ನೂ ನಮ್ಮ ಕೈಯಿಂದಲೇ ನಿಗದಿಮಾಡಲು ಬಿಟ್ಟಿದ್ದರು, ಆ ಉಪಕಾರವನ್ನು ಮರೆಯಲಾರೆ. ಐಎಸ್ಒ 80, ಒಂದು ಸೆಕೆಂಡು, ಹತ್ತು ಸೆಕೆಂಡಿನ ಟೈಮರ್. ಗುಂಡಿ ಒತ್ತಿ ಕಂಬದ ಹಿಂದೆ ಸರಿದೆ. ಮೊದಲ ಚಿತ್ರದಲ್ಲಿ ಬಾಳೆಮೂತಿ ಎಡಕ್ಕೆ ವಾಲಿತ್ತು. ಎರಡನೆಯದರಲ್ಲಿ ನನ್ನ ಸೆರಗು ಬಂತು. ನಾಲ್ಕನೆಯದಕ್ಕೆ ಬಾಳೆಮೂತಿ ಸರಿಯಾಗಿ ನಡುವೆ ಕುಳಿತು, ಸುತ್ತಲಿನ ಅಷ್ಟಕೋನಗಳೆಲ್ಲ ಉಂಗುರದೊಳಗೆ ಉಂಗುರವಾಗಿ ಮೂಡಿದವು. ಒಂದು ರವೆಕಾಳೂ ಇರಲಿಲ್ಲ. ಕತ್ತಲಲ್ಲಿ ಕುರುಡು ಎಂದು ನಾನು ಬೈಯುತ್ತಿದ್ದ ಕ್ಯಾಮೆರಾಕ್ಕೆ ಬೇಕಿದ್ದದ್ದು ಒಂದು ಸೆಕೆಂಡು ಅಲುಗದೆ ಮಲಗಲು ಜಾಗ.

ಅಲ್ಲಿನ ಕಾವಲಿನವರು ಅಷ್ಟು ಹೊತ್ತೂ ನೋಡುತ್ತಿದ್ದರು. ಹತ್ತಿರ ಬಂದು, "ಏನಮ್ಮಾ ಅದು, ನೆಲದ ಮೇಲೆ ಇಟ್ಬುಟ್ಟಿದ್ದೀರಲ್ಲ?" ಎಂದರು. ಪರದೆ ತೋರಿಸಿದೆ. ಅದನ್ನು ನೋಡಿ, ಕತ್ತೆತ್ತಿ ಮೇಲೆ ನೋಡಿ, ಮತ್ತೆ ಪರದೆ ನೋಡಿದರು. "ದಿನಾ ಇದ್ರ ಕೆಳಗೇ ಓಡಾಡ್ತೀನಿ ಕಣಮ್ಮಾ. ಬನ್ನಿ, ಆ ಮೂಲೇಲಿರೋದು ಇನ್ನೂ ಚೆಂದಾಗದೆ." ಮುಂದಿನ ಒಂದು ಗಂಟೆ ಅವರೇ ನನ್ನನ್ನು ಅಂಕಣದಿಂದ ಅಂಕಣಕ್ಕೆ ಕರೆದೊಯ್ದರು, ಟೈಮರ್ ಓಡುವಾಗ ಯಾರೂ ಅಡ್ಡ ಬರದಂತೆ ನಿಂತರು. ಕುತ್ತಿಗೆಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಹೋಗಿದ್ದರೆ ಅವರು ಹೀಗೆ ಹತ್ತಿರ ಬರುತ್ತಿದ್ದರೇ?

ಪುಟ್ಟ ಕ್ಯಾಮೆರಾಕ್ಕೆ ಜನ ಹೆದರುವುದಿಲ್ಲ. ಊರಿನ ಗದ್ದೆಯಲ್ಲಿ ಯಕ್ಷಗಾನ ಮೇಳ ಬಂದ ರಾತ್ರಿ ರಂಗಸ್ಥಳದ ಮುಂದೆ ಇದು ಸೋತೇ ಸೋತಿತು. ಗಿರಕಿ ಹೊಡೆವ ವೇಷಧಾರಿಯ ಬದಲು ಕೆಂಪು ಹೊಗೆ ಬರುತ್ತಿತ್ತು. ಫ್ಲ್ಯಾಶ್ ಮೂರು ಮೀಟರಿನಾಚೆ ಮುಟ್ಟದು, ಮುಟ್ಟಿದ್ದು ಎದುರು ಕುಳಿತವರ ತಲೆಗಳನ್ನಷ್ಟೇ. ಬೇಸರದಿಂದ ಎದ್ದು ವೇಷ ಕಟ್ಟುವ ಚೌಕಿಯತ್ತ ಹೋದೆ. ಅಲ್ಲಿ ಬಣ್ಣದ ವೇಷದವರೊಬ್ಬರು ಚಾಪೆಯ ಮೇಲೆ ಕಾಲು ಮಡಚಿ ಕುಳಿತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯಿಂದ ಮುಖದ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದು ಕೈಯಲ್ಲಿ ಕನ್ನಡಿ, ಎದುರು ಒಂದು ಬಲ್ಬು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಹುಬ್ಬನ್ನಷ್ಟೇ ಎತ್ತಿ ಒಪ್ಪಿಗೆ ಕೊಟ್ಟರು, ಮತ್ತೆ ಕನ್ನಡಿಗೆ ಮರಳಿದರು. ನಾನು ಕಂಬಕ್ಕೆ ಒರಗಿ ಉಸಿರು ಹಿಡಿದು ತೆಗೆದೆ. ಇದರ ಶಟರಿನ ಸದ್ದು ಪಕ್ಕದವರಿಗೂ ಕೇಳದು. ರಕ್ಕಸನ ಮುಖದೊಳಗಿಂದ ಇಣುಕುವ ಇಳಿವಯಸ್ಸಿನ ಶಾಂತ ಕಣ್ಣುಗಳ ಆ ಚಿತ್ರದಲ್ಲಿ ರವೆ ಇದೆ, ಬಲ್ಬಿನ ಹಳದಿ ಇದೆ. ನಾನು ತೆಗೆದ ಎಲ್ಲ ಚಿತ್ರಗಳಲ್ಲಿ ಒಂದನ್ನೇ ಇಟ್ಟುಕೋ ಎಂದರೆ ಅದನ್ನೇ ಇಟ್ಟುಕೊಂಡೇನು.

ಕ್ಯಾಮೆರಾದ ನೆತ್ತಿಯಲ್ಲಿ ಒಂದು ಪುಟ್ಟ ಗಾಜಿನ ಕಿಂಡಿಯೂ ಇತ್ತು, ಕಣ್ಣಿಟ್ಟು ನೋಡಲು. ಬರುವ ಚಿತ್ರದಲ್ಲಿ ಐದರಲ್ಲಿ ನಾಲ್ಕು ಪಾಲಷ್ಟೇ ಅದರಲ್ಲಿ ಕಾಣುತ್ತಿತ್ತು. ಹತ್ತಿರದ್ದನ್ನು ತೆಗೆದರೆ ನಾವು ಕಂಡದ್ದೊಂದು, ಬಂದದ್ದೊಂದು. ಆದರೂ ಏಪ್ರಿಲ್ ಬಿಸಿಲಿನಲ್ಲಿ, ಅಂಗಳದಲ್ಲಿ ಅಡಿಕೆ ಒಣಹಾಕಿದ ಹೊತ್ತು, ಪರದೆ ಬರೀ ಹೊಳೆಯುವ ಕನ್ನಡಿಯಾದಾಗ ಆ ಕಿಂಡಿಯೇ ಗತಿ. ಈಗಿನ ಅಗ್ಗದ ಕ್ಯಾಮೆರಾಗಳಲ್ಲಿ ಅದನ್ನು ಕಿತ್ತೇಬಿಟ್ಟದ್ದು ನನಗೆ ಸರಿಕಾಣುವುದಿಲ್ಲ.

ಇದರ ದೊಡ್ಡ ದೋಷ ಯಾವುದೆಂದರೆ ತಡ. 1975ರಲ್ಲಿ ಸ್ಟೀವನ್ ಸ್ಯಾಸನ್ ಕೊಡಾಕಿನಲ್ಲಿ ಜೋಡಿಸಿದ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗೂ ಹೆಚ್ಚು ತೂಗುತ್ತಿತ್ತು. ಹತ್ತು ಸಾವಿರ ಚುಕ್ಕಿಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಅದರ ಮುಂದೆ ನನ್ನದು ಚುರುಕೇ. ಆದರೆ ಓಡುವ ಮಗುವಿಗೆ ಅರ್ಧ ಸೆಕೆಂಡೂ ಬಹಳ. ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ದೂರ ಅಳೆದು, ಬೆಳಕು ಅಳೆದು ತೆಗೆಯುವಷ್ಟರಲ್ಲಿ ಇದೇ ಹುಡುಗಿ ಮೂರು ವರ್ಷದವಳಿದ್ದಾಗ ಚೌಕಟ್ಟಿನಿಂದಾಚೆ ಹೋಗಿರುತ್ತಿದ್ದಳು. ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಅವಳು ಬರುವ ಜಾಗಕ್ಕೆ ಮೊದಲೇ ಗುರಿ ಕಟ್ಟಿ ಕಾಯುವುದನ್ನು ಕಲಿತೆ. ಫ್ಲ್ಯಾಶ್ ಬಳಸಿದರೆ ಇನ್ನೂ ತಡ. ಎರಡು ಸೆಲ್‌ಗಳ 3 ವೋಲ್ಟನ್ನು 300ರ ಆಸುಪಾಸಿಗೆ ಏರಿಸಿ ತುಂಬಿಕೊಳ್ಳಬೇಕು. ಏಳೆಂಟು ಸೆಕೆಂಡು ಪರದೆ ಕಪ್ಪಾಗಿ, ಕ್ಯಾಮೆರಾ ಮೌನವಾಗಿ ಕೂರುತ್ತಿತ್ತು.

ಸಾಲದ್ದಕ್ಕೆ ಕೆಂಗಣ್ಣು ಬಾರದಿರಲೆಂದು ಫ್ಲ್ಯಾಶಿಗೆ ಮೊದಲು ಒಂದು ದೀಪ ಬೆಳಗುತ್ತಿತ್ತು. ಪಾಪೆ ಕಿರಿದಾಗಲಿ, ಕಣ್ಣಿನ ಹಿಂಪರದೆಯ ಕೆಂಪು ಮರಳಿ ಲೆನ್ಸಿಗೆ ಬೀಳದಿರಲಿ ಎಂದು ಹಾಗೆ. ಆ ದೀಪ ಕಂಡಕೂಡಲೇ ಮನೆಯವರೆಲ್ಲ ಚಿತ್ರ ತೆಗೆದಾಯಿತೆಂದು ಚದುರುತ್ತಿದ್ದರು. ಭಾವ ಎಲೆಅಡಿಕೆಗೆ ಬಾಗಿದ್ದು, ಅಕ್ಕ ಒಳಗೆ ಹೊರಟದ್ದು, ಬೆನ್ನು, ಜಡೆ, ಅರ್ಧ ಮುಚ್ಚಿದ ಕಣ್ಣು, ಇವೇ ಬರುತ್ತಿದ್ದವು. ಕೊನೆಗೆ ನಾನೊಂದು ನಿಯಮ ಮಾಡಿದೆ: ದೀಪ ಬೆಳಗಿದರೂ ಅಲುಗಬಾರದು, ನಾನು "ಆಯ್ತು" ಅನ್ನುವವರೆಗೆ ನಿಲ್ಲಬೇಕು. ಬೇರೆಯವರು ಮರೆತರು. ಅಮ್ಮ ಮರೆಯಲಿಲ್ಲ. ಯಾವ ಚಿತ್ರದಲ್ಲಿ ನೋಡಿದರೂ ಅವಳೊಬ್ಬಳು ನೆಟ್ಟಗೆ, ಸೆರಗು ಸರಿಮಾಡಿಕೊಂಡು, ಕಣ್ಣು ತೆರೆದು ನಿಂತಿದ್ದಾಳೆ.

ಮೆಮೊರಿ ಕಾರ್ಡು ಕ್ಯಾಮೆರಾದಲ್ಲೇ ಇತ್ತು. ಹುಡುಗಿ ಒಂದೊಂದೇ ಹಿಂದೆ ಸರಿಸುತ್ತ ಹೋದಳು. ನಡುವೆ ಒಂದರ ಮೂಲೆಯಲ್ಲಿ ವಿಡಿಯೋ ಗುರುತು. ಆ ಕ್ಯಾಮೆರಾದಲ್ಲಿ ವಿಡಿಯೋ ಹೇಳಿಕೊಳ್ಳುವಂಥದ್ದಲ್ಲ: 640ಕ್ಕೆ 480 ಚುಕ್ಕಿ, ಒಂದೇ ಮೈಕು. ತೆಗೆಯುತ್ತಿರುವಾಗ ಜೂಮ್ ಕೆಲಸ ಮಾಡುವುದಿಲ್ಲ, ಹತ್ತಿರ ಬೇಕೆಂದರೆ ನಾವೇ ನಡೆದು ಹೋಗಬೇಕು. ಅವಳು ಗುಂಡಿ ಒತ್ತಿದಳು.

ಪುತ್ತೂರಿನ ಮನೆಯ ಅಂಗಳ. ತುಳಸಿಕಟ್ಟೆಯ ಪಕ್ಕ ಅಮ್ಮ. ಚಿತ್ರವೋ ವಿಡಿಯೋವೋ ಎಂದು ಆರಿಸುವ ಗುಂಡುಚಕ್ರ ವಿಡಿಯೋಕ್ಕೆ ತಿರುಗಿದ್ದನ್ನು ನಾನು ಗಮನಿಸಿರಲಿಲ್ಲ ಎಂದು ಕಾಣುತ್ತದೆ. ಅಮ್ಮ ಸೆರಗು ಹೊದ್ದು ನೆಟ್ಟಗೆ ನಿಂತಿದ್ದಾಳೆ, ರೆಪ್ಪೆ ಹೊಡೆಯದಿರಲು ಕಷ್ಟಪಡುತ್ತಿದ್ದಾಳೆ. ಹಿಂದೆ ಬಾಳೆಯ ಎಲೆ ಆಡುತ್ತಿದೆ. ನನ್ನ ಹೆಜ್ಜೆಯ ಸದ್ದು ಜಲ್ಲಿಯ ಮೇಲೆ ಹತ್ತಿರವಾಗುತ್ತದೆ, ಅವಳ ಮುಖ ದೊಡ್ಡದಾಗುತ್ತದೆ. ಎಲ್ಲೋ ಕೊಟ್ಟಿಗೆಯಲ್ಲಿ ದನ ಕೂಗುತ್ತದೆ. ಅವಳು ಅಲುಗುವುದಿಲ್ಲ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿವೆ, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆಮೇಲೆ ತುಟಿಯನ್ನಷ್ಟೇ ಚೂರು ಅಲುಗಿಸಿ, ಕಣ್ಣು ಕದಲಿಸದೆ ಕೇಳುತ್ತಾಳೆ:

"ಆಯ್ತಾ ಮಗಾ?"

ಅಲ್ಲಿಗೆ ವಿಡಿಯೋ ನಿಲ್ಲುತ್ತದೆ. ಹುಡುಗಿ ಏನೂ ಹೇಳಲಿಲ್ಲ. ಮತ್ತೊಮ್ಮೆ ಗುಂಡಿ ಒತ್ತಿದಳು.